ಪಕ್ಕದ ಕಾಗದದ ಆರನೆಯ ತೂತು

“ಅಯ್ಯೋ, ಅದನ್ನ ಮುಟ್ಟಬೇಡಿ ಕಣ್ರೀ ಐಲಿ! ನಮ್ಮ ಯಜಮಾನ್ರು ಸಂಪಾದಿಸಿರೋ ಪದಕ ಅದು!”

ಫ್ರಿಜ್ಜಿನತ್ತ ಚಾಚಿದ್ದ ಕೈಯನ್ನು ಐಲಿ ರೌಟಿಯೊ ಹಿಂದಕ್ಕೆ ತೆಗೆದುಕೊಂಡಳು. ಪಾಸ್ಟರ್ ಬ್ರಾಂಟರ ಹೆಂಡತಿ ಡೋರೀನ್ ಒಲೆಯ ಮುಂದೆ ಕಾಫಿ ಬಗ್ಗಿಸುತ್ತಿದ್ದವಳು ಅಲ್ಲಿಂದಲೇ ಕೂಗಿದ್ದಳು. ಮೀನಿನ ಆಕಾರದ ಅಯಸ್ಕಾಂತವೊಂದು ಫ್ರಿಜ್ಜಿನ ಬಾಗಿಲಿಗೆ ಒಂದು ಗುರಿಕಾಗದವನ್ನು ಒತ್ತಿ ಹಿಡಿದಿತ್ತು. ನಡುವೆ ಕಪ್ಪು ವೃತ್ತ, ಅದರ ಸುತ್ತ ಬಳೆಬಳೆಯಾಗಿ ಗೆರೆಗಳು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಹೆಸರು: ಬ್ರಾಂಟ್.

ಈ ಕಾಗದ ಗಾಳಿಗೆ ಹಾರಿಹೋಯಿತೆಂದು ಪೊಲೀಸರಿಗೆ ಹೇಳಿದ್ದವರು ಸ್ವತಃ ಪಾಸ್ಟರ್ ಬ್ರಾಂಟರೇ.

ಹೋದ ಶನಿವಾರ ಪೆಲ್ಟೊಲದ ಲೂಥರನ್ ಚರ್ಚು ಗಂಡಸರಿಗಾಗಿ ನಡೆಸಿದ ಕಾಡುವಿದ್ಯೆಯ ದಿನ, ಹೊಸಬರು ಬಂದೂಕು ಕಲಿಯುತ್ತಿದ್ದ ಹೊತ್ತಿನಲ್ಲಿ, ಸುಲೊ ಕೊಸ್ಕೆಲಾನ ಭುಜವನ್ನು ಗುಂಡೊಂದು ತೂರಿಕೊಂಡು ಹೋಗಿತ್ತು. ಹೊಡೆದವನು ಅವನ ಸ್ವಂತ ಅಳಿಯ ಡ್ವೈಟ್ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಡ್ವೈಟ್ ಕೂಡ ಹಾಗೆಯೇ ನಂಬಿದ್ದ. ನಂಬದೆ ಇದ್ದವಳು ಅವನ ಹೆಂಡತಿ ಕ್ಯಾರಿನ್ ಒಬ್ಬಳೇ. ಅವಳೇ ಹೋಗಿ ಐಲಿಯ ಮನೆಯ ಬಾಗಿಲು ತಟ್ಟಿದ್ದಳು. ಅರಣ್ಯ ಇಲಾಖೆಯಲ್ಲಿ ಕಳ್ಳಬೇಟೆಗಾರರ ಬೆನ್ನು ಹತ್ತುತ್ತಲೇ ತಲೆ ನರೆತ ಐಲಿಗೆ ಈಗ ಮಂಡಿನೋವು ಬಂದಿತ್ತೇ ಹೊರತು ಕಣ್ಣಿಗೇನೂ ಆಗಿರಲಿಲ್ಲ.

“ಇದು ಎಲ್ಲಿ ಸಿಕ್ತು ಡೋರೀನ್?”

“ಒಗೆಯೋಕೆ ಹಾಕುವಾಗ ಜಾಕೆಟ್ಟಿನ ಜೇಬಲ್ಲಿತ್ತು. ನಡೂ ಮಧ್ಯಕ್ಕೆ ಹೊಡೆದಿದಾರೆ ನೋಡಿ! ಬಂದಾಗಿನಿಂದ ಈ ಊರಿನ ಗಂಡಸರು ಅವರನ್ನ ಆಡಿಕೊಂಡಿದ್ದೇ ಆಡಿಕೊಂಡಿದ್ದು. ದೊಡ್ಡ ಸೇತುವೆ ಆಚೆಯ ಪಟ್ಟಣದೋನು, ಜಿಂಕೆಗೂ ಹಸುವಿಗೂ ವ್ಯತ್ಯಾಸ ತಿಳೀದೋನು ಅಂತ. ಆ ಗಲಾಟೇಲಿ ಪಾಪ ಇದನ್ನ ಯಾರಿಗೂ ತೋರಿಸೋಕೂ ಆಗ್ಲಿಲ್ಲ. ನಾನೇ ತಂದು ಇಲ್ಲಿ ಹಾಕ್ದೆ.”

ಐಲಿ ಹಾಳೆಯ ಹತ್ತಿರಕ್ಕೆ ಬಗ್ಗಿದಳು. ಒಂದು ತೂತು ಮೇಲಿನ ಅಂಚಿನಲ್ಲಿ. ಇನ್ನೊಂದು ಹೆಸರಿನ ಪಕ್ಕದಲ್ಲೇ. ಮೂರು ಅಲ್ಲಿ ಇಲ್ಲಿ ಚೆಲ್ಲಾಪಿಲ್ಲಿ. ಕಪ್ಪಿನ ನಟ್ಟನಡುವೆ, ಕಂಪಾಸಿಟ್ಟು ಕೊರೆದ ಹಾಗೆ, ಒಂದು.

ಆರು. ಇನ್ನೊಮ್ಮೆ ಎಣಿಸಿದಳು. ಆರೇ.

ಬಂದೂಕು ಕಲಿಸುತ್ತಿದ್ದ ಮುದುಕ ವೈನೊನ ಕ್ರಮವೇ ಬೇರೆ. ಮಲಗಿದ ಪ್ರತಿಯೊಬ್ಬನ ಮುಂದೆ ಐದು ಕುಳಿಯಿರುವ ಮರದ ತುಂಡು, ಕುಳಿಗೊಂದು ತೋಟಾ. ಒಂದು ಹಾಕು, ಒಂದು ಹೊಡಿ, ಖಾಲಿಯಾದದ್ದನ್ನು ತಿರುಗಿ ಅದೇ ಕುಳಿಗೆ ಇಡು. ಅಂದು ಸಾಲಿನಲ್ಲಿ ಮಲಗಿದ್ದ ನಾಲ್ವರ ಮರದ ತುಂಡಿನಲ್ಲೂ ಐದೈದು ಖಾಲಿ ತೋಟಾಗಳಿದ್ದವು. ಹಲಗೆಯ ಮೇಲೆ ಉಳಿದಿದ್ದ ಮೂರು ಕಾಗದಗಳಲ್ಲಿ ಎರಡಕ್ಕೆ ಐದೈದು ತೂತು ಸರಿಯಾಗಿತ್ತು. ಡ್ವೈಟ್‌ನ ಕಾಗದಕ್ಕೆ ಮಾತ್ರ ನಾಲ್ಕು. ಇನ್ನೊಂದು ಗುಂಡು ಮಾವನ ಭುಜಕ್ಕೆ ಹೋಯಿತೆಂದು ಪೊಲೀಸರು ಕಡತ ಮಡಚಲು ಹೊರಟಿದ್ದರು.

ಅವರು ಎಷ್ಟು ತೂತು ಎಂದು ನೋಡಿದರು. ಎಲ್ಲಿವೆ ಎಂದು ಐಲಿ ನೋಡಿದಳು. ನಾಲ್ಕೂ ಬಲ ಅಂಚಿಗೆ ಒತ್ತಿಕೊಂಡಿದ್ದವು. ಒಂದಂತೂ ಕಾಗದದ ಅಂಚನ್ನೇ ಹರಿದಿತ್ತು. ಸುಲೊ ಇದ್ದದ್ದು ಎಡಗಡೆ, ಮಣ್ಣಿನ ದಿಬ್ಬದಾಚೆ, ಒದ್ದೆ ಸೌದೆಯಲ್ಲಿ ಬೆಂಕಿ ಹಚ್ಚುವುದನ್ನು ಆಮೇಲೆ ತೋರಿಸಲು ಒಬ್ಬನೇ ಅಣಿಮಾಡಿಕೊಳ್ಳುತ್ತ. ಡ್ವೈಟ್ ಮಲಗಿದ್ದದ್ದು ಸಾಲಿನ ಎಡತುದಿಯಲ್ಲಿ. ಅವನ ಬಲಕ್ಕೆ, ಗೇಣು ಅಂತರದಲ್ಲಿ, ಪಾಸ್ಟರರ ಕಾಗದ. ಆ ಕಾಗದವೊಂದೇ ಕಾಣೆಯಾಗಿತ್ತು. ಅದನ್ನು ಹುಡುಕಿಕೊಂಡೇ ಐಲಿ ಈ ಅಡುಗೆಮನೆಗೆ ಬಂದದ್ದು.

ಹಿತ್ತಲ ಬಾಗಿಲು ಕಿರುಗುಟ್ಟಿತು. ಪಾಸ್ಟರ್ ಬ್ರಾಂಟ್ ಹಾಡಿನ ಪುಸ್ತಕಗಳ ಪೆಟ್ಟಿಗೆ ಹೊತ್ತು ಒಳಗೆ ಬಂದವರು ಫ್ರಿಜ್ಜಿನ ಮುಂದೆ ನಿಂತಿದ್ದ ಐಲಿಯನ್ನು ಕಂಡು ಅಲ್ಲೇ ನಿಂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಪೆಟ್ಟಿಗೆ ಕೆಳಗಿಟ್ಟು ಜಾಕೆಟ್ಟಿನ ಜೇಬು ಮುಟ್ಟಿಕೊಂಡರು.

“ಗಾಳಿಗೆ ಹಾರಿಹೋಯ್ತು ಅಂದಿದ್ರಂತೆ ಪಾಸ್ಟರ್. ಹಾರಿ ನೆಟ್ಟಗೆ ನಿಮ್ಮ ಜೇಬಿಗೇ ಬಂತಾ?”

“ಐಲಿ… ಕೂತ್ಕೊಳ್ಳಿ. ಡೋರೀನ್, ಇವರಿಗೆ ಕಾಫಿ ಕೊಟ್ಯಾ? ನಿಸು ಕೊಡು, ಇವತ್ತೇ ಬೇಯಿಸಿದ್ದು.”

ಏಲಕ್ಕಿ ಹಾಕಿದ ಆ ಸಿಹಿ ಬ್ರೆಡ್ಡಿನ ವಾಸನೆ ಐಲಿಯನ್ನು ಒಂದು ಗಳಿಗೆ ಸೆಳೆದದ್ದು ನಿಜ. ಆದರೆ ಅವಳು ಕೂರಲಿಲ್ಲ.

“ನಿಸು ಆಮೇಲೆ. ವೈನೊ ನಿಮಗೆಷ್ಟು ತೋಟಾ ಕೊಟ್ಟ?”

“ಐದು. ಎಲ್ಲರಿಗೂ ಐದೇ.”

“ಹಂಗಾದ್ರೆ ಇದನ್ನ ಎಣಿಸಿ.”

ಪಾಸ್ಟರ್ ಕಾಗದದತ್ತ ತಿರುಗಲೇ ಇಲ್ಲ. ಐಲಿಯ ಬೂಟುಗಳನ್ನು ನೋಡಿದರು, ಒಲೆಯನ್ನು ನೋಡಿದರು, ಹೆಂಡತಿಯನ್ನು ಮಾತ್ರ ನೋಡಲಿಲ್ಲ.

“ನಾನು ಎಣಿಸಿಲ್ಲ.”

“ದಿನಾ ಬೆಳಿಗ್ಗೆ ಹಾಲು ತಗೊಳ್ಳೋಕೆ ಇದೇ ಬಾಗಿಲು ತೆಗೀತೀರಲ್ಲ. ಒಂದು ದಿನಾನೂ ಎಣಿಸಬೇಕು ಅನ್ನಿಸಲಿಲ್ವಾ?”

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಒಳ್ಳೆಯ ಮನುಷ್ಯ ಸುಳ್ಳು ಹೇಳಿದರೆ ಅದನ್ನು ಹೊತ್ತುಕೊಂಡು ತಿರುಗುವುದಕ್ಕೂ ಬರುವುದಿಲ್ಲ, ಇಳಿಸುವುದಕ್ಕೂ ಬರುವುದಿಲ್ಲ.

“ಈ ಕಾಡುವಿದ್ಯೆಯ ದಿನ ಮಾಡ್ಬೇಕು ಅಂತ ಯಾಕೆ ಒದ್ದಾಡ್ದೆ ಅಂತ ನಿಮಗೆ ಗೊತ್ತಲ್ಲ ಐಲಿ. ನವೆಂಬರ್ ಬಂತು ಅಂದ್ರೆ ಚರ್ಚಲ್ಲಿ ಗಂಡಸು ಅನ್ನೋ ಪ್ರಾಣಿ ಇರಲ್ಲ, ಎಲ್ಲರೂ ಜಿಂಕೆ ಹಿಂದೆ. ಅವರು ಇಲ್ಲಿಗೆ ಬರದಿದ್ರೆ ಚರ್ಚೇ ಕಾಡಿಗೆ ಹೋಗ್ಲಿ ಅಂದ್ಕೊಂಡೆ. ಜಾಗಕ್ಕೆ ಅಂತ ಜಲ್ಲಿಗುಂಡಿ ಮಾಲೀಕನ ಕಾಲು ಹಿಡಿದೆ. ದಿಕ್ಸೂಚಿ, ಬೆಂಕಿ, ಮೀನು ಸೀಳೋದು, ಒಂದೊಂದಕ್ಕೂ ಒಬ್ಬೊಬ್ಬನ್ನ ಹಿಡಿದೆ. ಅಡುಗೆಮನೆಗೆ ಕಾಲಿಡಲ್ಲ ಅಂತ ಹೆಂಗಸರು ಹಟ ಹಿಡಿದ್ರು, ಮಾಂಸ ತುಂಬಿದ ಕಡುಬು, ಆ ಪಾಸ್ಟಿನೂ ನಾವೇ ಬೇಯಿಸಿದ್ವಿ.”

“ತಿಂದೆ. ಸೂರಿಗೆ ಹೆಂಚಿನ ಬದಲು ಅದನ್ನೇ ಹೊದಿಸಬಹುದಿತ್ತು.”

“ವೈನೊ ಮಾತ್ರ ಒಂದು ಷರತ್ತು ಹಾಕ್ದ. ಹೊಸಬರ ಮೊದಲ ಸಾಲಲ್ಲಿ ಪಾದ್ರಿನೂ ಮಲಗ್ಬೇಕು, ಇಲ್ಲದಿದ್ರೆ ಬಂದೂಕು ಹೊರಗೆ ತೆಗೆಯಲ್ಲ ಅಂದ.” ಪಾಸ್ಟರ್ ಕಣ್ಣೊರೆಸಿಕೊಂಡರು. “ಮಲಗ್ದೆ. ಹಿಂದೆ ಊರಿನ ಗಂಡಸರೆಲ್ಲ ನಿಂತು ನೋಡ್ತಿದಾರೆ. ಕೊನೇ ಗುಂಡು ಹೊಡೆಯುವಾಗ ಕಣ್ಣು ಮುಚ್ಕೊಂಡೇ ಇದ್ದೆ ಐಲಿ. ಮಾನ ಉಳಿಸಪ್ಪಾ ಅಂತ ಪ್ರಾರ್ಥನೆ ಮಾಡ್ತಿದ್ದೆ. ಹೋಗಿ ನೋಡಿದ್ರೆ ಕಪ್ಪಿನ ನಡುವೆ ತೂತು! ಅದು ಕೃಪೆ ಅಂದ್ಕೊಂಡೆ. ಕೃಪೆನ ಯಾರಾದ್ರೂ ಎಣಿಸ್ತಾರಾ?”

ಐಲಿಗೆ ನಗುವೂ ಬಂತು, ಸಿಟ್ಟೂ ಬಂತು. ನಗುವನ್ನು ನುಂಗಿಕೊಂಡಳು.

“ಮತ್ತೆ ಆ ಗಾಳಿ ಎಲ್ಲಿಂದ ಬೀಸ್ತು?”

“ಗುಂಡಿನ ಸದ್ದು ನಿಂತ ಮೇಲೆ, ಸುಲೊ ಬಿದ್ದಿರೋದನ್ನ ಯಾರೋ ಕಂಡು ಕೂಗಿದಾಗ ನಾನು ಕಾಗದ ಮಡಚಿ ಜೇಬಿಗೆ ಇಟ್ಕೊತಿದ್ದೆ, ಡೋರೀನ್‌ಗೆ ತೋರಿಸೋಕೆ. ಆ ಕಡೆ ಮನುಷ್ಯ ರಕ್ತದಲ್ಲಿ ಬಿದ್ದಿದಾನೆ, ಈ ಕಡೆ ಪಾದ್ರಿ ಕಾಗದ ಮಡಚ್ತಿದ್ದ ಅಂತ ಪೊಲೀಸರ ಮುಂದೆ ಹೇಳೋಕೆ ನಾಚಿಕೆ ಆಯ್ತು. ಗಾಳಿ ಅಂದುಬಿಟ್ಟೆ.”

“ಡ್ವೈಟ್ ಕಾಗದದಲ್ಲಿ ಒಂದು ತೂತು ಕಮ್ಮಿ ಅಂತ ತಿಳಿದ ಮೇಲೂ ಸುಮ್ಮನಿದ್ರಿ.”

“ಭಯ ಆಯ್ತು. ಎಣಿಸಿದ್ರೆ ಆರು ಬಂದುಬಿಡುತ್ತೇನೋ ಅನ್ನೋ ಭಯ.”

ಡೋರೀನ್ ಒಲೆ ಆರಿಸಿದಳು. ಬಂದು ಮೀನಿನ ಅಯಸ್ಕಾಂತ ಕಿತ್ತು, ಕಾಗದವನ್ನು ಐಲಿಯ ಕೈಗಿಟ್ಟು, ಹೆಗಲ ಮೇಲಿದ್ದ ಒರೆಸುವ ಬಟ್ಟೆಯಿಂದ ಗಂಡನ ಬೆನ್ನಿಗೆ ಫಟ್ಟೆಂದು ಒಂದು ಬಾರಿಸಿದಳು.

“ಒಳ್ಳೇ ಗುರಿಕಾರ ಅಂತ ನಾನೇನು ನಿಮ್ಮನ್ನ ಮದ್ವೆ ಆದ್ನಾ? ಏಳಿ ಮೇಲೆ. ಆ ಹುಡುಗ ಅಲ್ಲಿ ಅನ್ನ ನೀರು ಬಿಟ್ಟು ಕೂತಿದಾನೆ. ನಡೀರಿ, ನಿಮ್ಮ ಬಾಯಿಂದಾನೇ ಹೇಳಿ.”

* * *

ಐಲಿಯೂ ಪಾಸ್ಟರೂ ಹೋದಾಗ ಡ್ವೈಟ್ ಗ್ಯಾರೇಜಿನಲ್ಲಿ ಮಡಚುವ ಕುರ್ಚಿಯ ಮೇಲೆ ಕುಳಿತಿದ್ದ. ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಮನುಷ್ಯ. ಅವನ ಗ್ಯಾರೇಜೆಂದರೆ ಸದಾ ಕಹಳೆಯ ಸದ್ದು. ಈಗ ಅಲ್ಲಿ ಸ್ಮಶಾನ ಮೌನ. ಗುಂಡು ಹಾರಿಸಿದ ಆರೋಪ ಹೊರಿಸುವುದೋ ಬಿಡುವುದೋ ಎಂದು ಸರ್ಕಾರಿ ವಕೀಲರು ಇದೇ ವಾರ ನಿರ್ಧರಿಸುವವರಿದ್ದರು. ಹೊರಿಸಿದರೆ ಶಾಲೆಯ ಕೆಲಸ ಹೋದಂತೆಯೇ. ಆದರೆ ಅವನನ್ನು ತಿನ್ನುತ್ತಿದ್ದದ್ದು ಬೇರೆ.

“ಮಾವ ಕ್ಷಮಿಸಿದಾರಂತೆ ಐಲಿ. ಆಸ್ಪತ್ರೆಯಿಂದ ಅವರು ಹೇಳಿ ಕಳಿಸಿದ್ದನ್ನ ಭಾನುವಾರ ಚರ್ಚಲ್ಲಿ ಎಲ್ಲರಿಗೂ ತಿಳಿಸಿದ್ರಂತೆ, ಜನ ಗೊಳೋ ಅಂತ ಅತ್ತರಂತೆ. ಬೈದಿದ್ರೆ ತಡ್ಕೋತಿದ್ದೆ. ಈ ಕ್ಷಮೆ ತಡ್ಕೊಳ್ಳೋಕೆ ಆಗ್ತಿಲ್ಲ.”

“ಎದ್ದು ನಿಂತ್ಕೊ ಮೊದಲು,” ಎಂದಳು ಐಲಿ. “ಎರಡೂ ಕೈ ಮುಂದೆ ಚಾಚು. ಬೆರಳುಗಳ ಮಧ್ಯೆ ಸಣ್ಣ ಕಿಂಡಿ ಮಾಡು. ಅದರೊಳಗಿಂದ ಆ ಬಲ್ಬು ನೋಡು. ಕಾಣ್ತಾ?”

“ಕಾಣ್ತು.”

“ಎಡಗಣ್ಣು ಮುಚ್ಚು.”

“ಈಗ್ಲೂ ಇದೆ.”

“ಎಡಗಣ್ಣು ತೆಗಿ, ಬಲಗಣ್ಣು ಮುಚ್ಚು.”

“ಎಲ್ಲಿ… ಬಲ್ಬು ಹೋಯ್ತಲ್ಲ?”

“ನೀನು ಎಡಚ. ಬಂದೂಕು ಇಟ್ಕೊಂಡಿದ್ದು ಎಡ ಭುಜಕ್ಕೆ. ಆದ್ರೆ ಗುರಿ ಹಿಡಿಯೋ ಯಜಮಾನ ಕಣ್ಣು ನಿನಗೆ ಬಲಗಣ್ಣು. ಅಂಥವನು ಎಷ್ಟೇ ಗುರಿ ಇಟ್ರೂ ಗುಂಡು ಬಲಕ್ಕೇ ಜಾರತ್ತೆ. ಬಾ ಇಲ್ಲಿ.”

ಕಾರಿನ ಬಾನೆಟ್ಟಿನ ಮೇಲೆ ಅವಳು ಡ್ವೈಟ್‌ನ ಕಾಗದದ ಫೋಟೋ ಇಟ್ಟಳು. ಪೊಲೀಸರಲ್ಲಿದ್ದದ್ದರ ನಕಲು, ಅಳತೆಯಲ್ಲಿ ಒಂದೇ. ಅದರ ಬಲಕ್ಕೆ ಒಂದು ಗೇಣು ಬಿಟ್ಟು ಪಾಸ್ಟರರ ಕಾಗದ ಹರಡಿದಳು. ಬೆರಳಿನಿಂದ ಒಂದೊಂದೇ ತೂತು ಮುಟ್ಟುತ್ತ ಬಂದಳು. ಒಂದು, ಎರಡು, ಮೂರು, ಅಂಚು ಹರಿದ ನಾಲ್ಕು. ಬೆರಳು ಗೇಣಿನ ಅಂತರವನ್ನು ದಾಟಿ ಪಕ್ಕದ ಕಾಗದದ ಕಪ್ಪಿನ ನಡುವೆ ನಿಂತಿತು.

“ಐದು. ಇದು ನಿಂದು.”

ಡ್ವೈಟ್ ಕಾಗದದ ಮೇಲೆ ಬಗ್ಗಿದ. ಪಾಸ್ಟರ್ ಹಿಂದಿನಿಂದ ಮುಂದೆ ಬಂದರು.

“ಕದ್ದಿದ್ದು ನಾನು ಡ್ವೈಟ್. ನನ್ನ ಐದೂ ದಾರಿ ತಪ್ಪಿದ್ವು, ನಿಂದೊಂದು ದಾರಿ ತಪ್ಪಿ ನನ್ನ ಮನೆಗೆ ಬಂತು. ಅದನ್ನ ಫ್ರಿಜ್ಜಿಗೆ ಅಂಟಿಸ್ಕೊಂಡು ಕೂತಿದ್ದೆ. ನನ್ನನ್ನ ಬೈಯಪ್ಪ, ಚೆನ್ನಾಗಿ ಬೈದುಬಿಡು.”

“ಹಂಗಾದ್ರೆ…” ಡ್ವೈಟ್ ಕಾಗದ ಮುಟ್ಟಿ ನೋಡಿದ, “ಹಂಗಾದ್ರೆ ನಡು ಮಧ್ಯಕ್ಕೆ ಹೊಡೆದೋನು ನಾನಾ?”

ಅವನು ನಗತೊಡಗಿದ. ನಗುತ್ತ ನಗುತ್ತಲೇ ಕಾರಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಒಳಬಾಗಿಲಲ್ಲಿ ನಿಂತಿದ್ದ ಕ್ಯಾರಿನ್ ಓಡಿಬಂದು ಅವನ ಬೆನ್ನಿಗೆ ಮುಖವಿಟ್ಟಳು. “ನಾ ಹೇಳ್ದೆ, ನಾ ಹೇಳ್ದೆ,” ಎಂದು ಅದನ್ನೇ ಹೇಳುತ್ತಿದ್ದಳು. ಅಪ್ಪನೋ ಗಂಡನೋ ಎಂದು ಇಬ್ಭಾಗವಾಗಿದ್ದ ಹೆಣ್ಣಿಗೆ ಹೋದ ಜೀವ ಬಂದಂತಾಗಿತ್ತು. ಪಾಸ್ಟರೂ ಅತ್ತರು. ಐಲಿ ಮೂಗು ಒರೆಸಿಕೊಂಡು, ಗ್ಯಾರೇಜಿನಲ್ಲಿ ಧೂಳು ಜಾಸ್ತಿ ಎಂದಳು.

ಆಮೇಲೆ ಎಲ್ಲವೂ ಸರಸರನೆ ನಡೆಯಿತು. ಕರೆ ಹೋದ ಮೇಲೆ ಬಂದ ಪೊಲೀಸಿನವನು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡ. ಡ್ವೈಟ್ ಮೇಲಿನ ದೂರು ಇನ್ನು ನಿಲ್ಲುವುದಿಲ್ಲ ಎಂದ. ಎರಡರ ಫೋಟೋ ತೆಗೆದುಕೊಂಡು, ಮೂಲ ಕಾಗದವನ್ನು ಸಂಜೆಯೊಳಗೆ ಠಾಣೆಗೆ ತಲುಪಿಸುವಂತೆ ಐಲಿಗೆ ಹೇಳಿ ಹೋದ. ಡ್ವೈಟ್ ಕ್ಯಾರಿನ್ ಬಿಸಿ ಮಾಡಿ ತಂದ ಒಂದು ಪಾಸ್ಟಿಯನ್ನು ನಿಂತಲ್ಲೇ ತಿಂದು ಮುಗಿಸಿದ, ಇನ್ನೊಂದಕ್ಕೆ ಕೈ ಹಾಕಿದ.

ಐಲಿ ವೈನೊಗೆ ಫೋನು ಮಾಡಿದಳು. ಬಂದೂಕುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಇನ್ನು ಸಾಯುವವರೆಗೂ ಯಾರಿಗೂ ಕಲಿಸುವುದಿಲ್ಲ ಎಂದು ಕೂತಿದ್ದ ಮುದುಕ ಅವನು. ಸುದ್ದಿ ಕೇಳುತ್ತಿದ್ದಂತೆ ಫೋನಿನಾಚೆ ಏಣಿ ಎಳೆಯುವ ಸದ್ದು ಬಂತು.

“ವೈನೊ, ಇದೀಯೇನೋ?”

“ಇದೀನಿ. ಸೌನಾದ ಒಲೆಗೆ ಬೆಂಕಿ ಹಾಕ್ತೀನಿ, ಹಬೆಸ್ನಾನಕ್ಕೆ. ಎಲ್ಲರೂ ಬನ್ನಿ,” ಎಂದ. “ಆ ಪಾದ್ರಿನೂ ಬರ್ಲಿ. ಮೇಲಿನ ಮೆಟ್ಟಿಲ ಮೇಲೆ ಕೂರಿಸಿ ಬೇಯಿಸ್ತೀನಿ ಅವನ್ನ.”

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಐಲಿಯೂ ಬಿಟ್ಟಳು. ಸಾಲಿನ ಇಪ್ಪತ್ತು ಗುಂಡಿಗೂ ಲೆಕ್ಕ ಸಿಕ್ಕಿತ್ತು; ಆದರೆ ಸುಲೊನ ಭುಜದಲ್ಲಿ ತೂತಿರುವುದು ಸುಳ್ಳಲ್ಲವಲ್ಲ. ಆ ಗುಂಡು ಅವನನ್ನು ದಾಟಿ ಸೀಡರ್ ಮರಗಳ ಜವುಗಿನಲ್ಲಿ ಎಲ್ಲೋ ಹೂತುಹೋಗಿತ್ತು. ಮೊಲಕ್ಕೆ ಬಂದ ಯಾವನೋ ಬೇಟೆಗಾರ ಹೊಡೆದು ಹೆದರಿ ಓಡಿರಬಹುದು. ಯಾವ ಕಡೆಯಿಂದ ಬಂತೆಂದು ಸುಲೊನನ್ನೇ ಕೇಳಿದರೆ ಮುಗಿಯಿತು ಎಂದುಕೊಂಡಳು.

“ಮಾವನಿಗೆ ನಾನೇ ಹೇಳ್ಬೇಕು,” ಎಂದ ಡ್ವೈಟ್. “ಕ್ಷಮಿಸೋ ಕಷ್ಟ ನಿಮಗೆ ಬೇಡ ಅಂತ ನಾನೇ ಹೇಳ್ತೀನಿ.”

* * *

ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲಿ ಅಪ್ಪನಿಗೆ ಕಾಫಿ ಕೊಂಡು ಬರುತ್ತೇನೆಂದು ಕ್ಯಾರಿನ್ ಅಲ್ಲೇ ನಿಂತಳು. ಡ್ವೈಟ್ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದ. ಐಲಿ ಮಂಡಿ ಹಿಡಿದುಕೊಂಡು ಹಿಂದೆ ಬಂದಳು.

ಸುಲೊ ಕೊಸ್ಕೆಲಾ ದಿಂಬಿಗೆ ಒರಗಿ ಕುಳಿತಿದ್ದ. ಎಡ ಭುಜದ ತುಂಬ ಬಿಳಿ ಪಟ್ಟಿ. ಮರದ ಮಿಲ್ಲಿನಲ್ಲಿ ಜೀವಮಾನ ದುಡಿದ ಗಟ್ಟಿ ಆಳು. ಅಳಿಯನನ್ನು ಕಂಡು ಮುಖ ಅರಳಿತು.

“ಬಂದ್ಯಾ? ಬಾ, ಕೂತ್ಕೊ. ಯಾಕೆ ಇಷ್ಟು ದಿನ ತಪ್ಪಿಸ್ಕೊಂಡು ತಿರುಗ್ತಿದ್ದೆ? ನನಗೇನೂ ಬೇಜಾರಿಲ್ಲ ಅಂತ ಹೇಳಿ ಕಳಿಸಿದ್ನಲ್ಲ.”

“ಮಾವ, ನಾನು ಹೊಡೆದಿಲ್ಲ! ನೋಡಿ ಇಲ್ಲಿ, ನನ್ನ ಐದನೇ ಗುಂಡು ಪಾಸ್ಟರ್ ಕಾಗದದಲ್ಲಿದೆ. ಐಲಿ ಕಂಡುಹಿಡಿದ್ರು. ನಾನಲ್ಲ ಮಾವ, ನಾನಲ್ಲವೇ ಅಲ್ಲ!”

ಕಾಗದವನ್ನು ಹಾಸಿಗೆಯ ಮೇಲೆ ಹರಡಿ, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದ. ಪಾಸ್ಟರರ ಕೃಪೆಯ ಕಥೆ ಹೇಳುವಾಗ ನಕ್ಕ. ಮಾವನೂ ನಗುತ್ತಾನೆಂದು ಕಾದ.

ಸುಲೊ ನಗಲಿಲ್ಲ. ಅವನ ಮುಖದ ಮೇಲಿದ್ದ ಗೆಲುವು ಇಳಿದುಹೋಗಿತ್ತು. ಗಾಯಕ್ಕೆ ಹೊಲಿಗೆ ಹಾಕುವಾಗಲೂ ಕಣ್ಣು ಮಿಟುಕಿಸದವನು ಎಂದು ನರ್ಸುಗಳು ಹೊಗಳಿದ್ದ ಮನುಷ್ಯ, ನೋವಿಲ್ಲದ ಕೈಯಿಂದ ಹೊದಿಕೆಯ ಅಂಚನ್ನು ಹಿಂಡುತ್ತಿದ್ದ.

“ಇದನ್ನ ಇನ್ಯಾರು ನೋಡಿದಾರೆ?”

“ಎಲ್ಲರೂ ಮಾವ. ಪೊಲೀಸರೂ ಬಂದಿದ್ರು.”

“ಪೊಲೀಸರಿಗೂ ತೋರಿಸ್ಬಿಟ್ಯಾ,” ಎಂದು ಸುಲೊ ತನಗೆ ತಾನೇ ಹೇಳಿಕೊಂಡ. ಆಮೇಲೆ ಐಲಿಯತ್ತ ತಿರುಗಿದ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು; ಅವನು ಯಾರ ಮುಂದೆಯೂ ಅಂಗಲಾಚಿದ್ದನ್ನು ಅವಳು ಕಂಡಿರಲಿಲ್ಲ. “ಐಲಿ, ನಿನಗೆ ಕೈ ಮುಗೀತೀನಿ, ಇದನ್ನ ಇಲ್ಲಿಗೇ ಬಿಡು. ಆ ಮುದುಕ ವೈನೊ ಲೆಕ್ಕ ತಪ್ಪಿದ, ಪಾದ್ರಿಗೆ ಆರು ತೋಟಾ ಕೊಟ್ಟಿದ್ದ ಅಂತ ಹೇಳಿಸು. ಏನಾದ್ರೂ ಹೇಳಿಸು.”

“ಯಾವ ಕಡೆಯಿಂದ ಬಂತು ಸುಲೊ ಆ ಗುಂಡು?” ಐಲಿ ಮೆಲ್ಲಗೆ ಕೇಳಿದಳು. “ದಿಬ್ಬದ ಕಡೆಯಿಂದ ಅಲ್ಲ ತಾನೇ?”

ಅವನು ಮುಖವನ್ನು ಅವಳಿಂದ ತಿರುಗಿಸಿಕೊಂಡ. ಅಳಿಯನ ಮಣಿಕಟ್ಟು ಹಿಡಿದುಕೊಂಡ.

“ಡ್ವೈಟ್, ನಾನು ಕ್ಷಮಿಸಿದೀನಲ್ಲಪ್ಪ. ಊರ ಮುಂದೆ ಕ್ಷಮಿಸಿದೀನಿ. ನಿನಗೆ ಶಿಕ್ಷೆ ಆಗದ ಹಾಗೆ ವಕೀಲರ ಹತ್ರ ನಾನೇ ಮಾತಾಡ್ತೀನಿ. ನೀನು ಒಳ್ಳೆಯವನು, ತಡ್ಕೋತೀಯ. ನೀನೇ ಹೊಡೆದಿದ್ದು ಅಂತ ಇದ್ದುಬಿಡ್ಲಿ.”

ಡ್ವೈಟ್ ಕೈ ಬಿಡಿಸಿಕೊಳ್ಳಲಿಲ್ಲ. ಆಗತಾನೇ ಬಂದಿದ್ದ ಬಣ್ಣ ಅವನ ಮುಖದಿಂದ ಸೋರಿಹೋಗುವುದನ್ನು ಐಲಿ ನೋಡಿದಳು.

“ಮಾವ… ನಾನಲ್ಲ ಅಂತ ನಿಮಗೆ ಮೊದಲಿಂದ್ಲೂ ಗೊತ್ತಿತ್ತಾ?”

ಹೊರಗಿನ ಪಡಸಾಲೆಯಲ್ಲಿ ಹೆಜ್ಜೆಯ ಸದ್ದು ಕೇಳಿಸಿತು. ಕ್ಯಾರಿನ್ ನರ್ಸಿನೊಂದಿಗೆ ನಗುತ್ತ ಮಾತಾಡಿಕೊಂಡು ಬರುತ್ತಿದ್ದಳು. ಸುಲೊ ಆ ಸದ್ದಿಗೆ ಬೆಚ್ಚಿದ.

“ಬಾಗಿಲು ಹಾಕು,” ಎಂದ. “ಬೇಗ ಹಾಕಪ್ಪ. ಯಾರು ಹೊಡೆದಿದ್ದು ಅಂತ ನನ್ನ ಮಗಳಿಗೆ ಮಾತ್ರ ತಿಳೀಬಾರದು.”